ಚೀನಾದಲ್ಲಿ ಅಕ್ಟೋಬರ್ ರಜೆಯ ಟೋಲ್ ಫ್ರೀ: ಯಾವ ಟೈಮ್ ಲೆಕ್ಕಕ್ಕೆ ಬರುತ್ತೆ?

ಸುಜೌ_ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ನಾನು ಸುಜೌನಲ್ಲಿ ಕೆಲಸದಲ್ಲಿದ್ದೇನೆ. ನಮ್ಮ ಊರಿನ ಲೈಸೆನ್ಸ್ ಇಲ್ಲಿ ನಡೆಯಲ್ಲ, ಪರೀಕ್ಷೆ ಬರೆದು ಅಂತೂ ಇಲ್ಲಿನದು ತಗೊಂಡೆ. ಅಪ್ಪ ಅಮ್ಮ ಬಂದಿದ್ದಾರೆ, ಅಕ್ಟೋಬರ್ 1ರ ರಾಷ್ಟ್ರೀಯ ದಿನದ ರಜೆಗೆ ಹುವಾಂಗ್‌ಶಾನ್ ಬೆಟ್ಟಕ್ಕೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ರಜೆಯಲ್ಲಿ ಟೋಲ್ ಇಲ್ಲ ಅಂತ ಆಫೀಸಲ್ಲಿ ಎಲ್ಲರೂ ಹೇಳ್ತಾರೆ. ಆದರೆ 30ರ ರಾತ್ರಿ ಒಂಬತ್ತಕ್ಕೆ ಹೊರಟರೆ ದಾರಿಯಲ್ಲೇ ತಾರೀಖು ಬದಲಾಗುತ್ತೆ ಅಲ್ವಾ, ಆಗ ಅರ್ಧ ದಾರಿಗೆ ದುಡ್ಡು ಕಟ್ಟಬೇಕಾ? ಬಾಡಿಗೆ ಕಾರು, 7 ಸೀಟಿನದು, ಇಟಿಸಿ (ನಮ್ಮ ಫಾಸ್ಟ್ಯಾಗ್ ಥರ) ಇದೆ.

ಘಟ್ಟದ_ಕೆಳಗಿನವ:
ಅರ್ಧಂಬರ್ಧ ಲೆಕ್ಕ ಇಲ್ಲ. ಎಕ್ಸ್‌ಪ್ರೆಸ್‌ವೇಯಿಂದ ಇಳಿಯುವ ಟೋಲ್ ಗೇಟನ್ನು ಎಷ್ಟು ಹೊತ್ತಿಗೆ ದಾಟಿದಿರಿ ಅನ್ನೋದಷ್ಟೇ ಮುಖ್ಯ. 30ರ ರಾತ್ರಿ ಹತ್ತಿ, 12 ದಾಟಿ 1ನೇ ತಾರೀಖು ಶುರುವಾದಮೇಲೆ ಇಳಿದರೆ ಪೂರ್ತಿ ಫ್ರೀ. ಕೊನೆಯ ದಿನ ಇದರ ಉಲ್ಟಾ. ರಾತ್ರಿ 12 ದಾಟಿ ಇಳಿದರೆ ಹತ್ತಿದ ಕಡೆಯಿಂದ ಇಡೀ ದಾರಿಯ ಟೋಲ್ ಬೀಳುತ್ತೆ. ನನಗೇ ಒಂದು ಸಲ ಹೀಗಾಯಿತು. ಗೇಟಿನ ಸಾಲಲ್ಲೇ ನಿಂತಿದ್ದೆ, ಹತ್ತು ನಿಮಿಷ ತಡವಾಗಿ ಇನ್ನೂರು ಯುವಾನ್ ಹತ್ತಿರ ಹೋಯಿತು. ಅದಕ್ಕೇ ಹೇಳೋದು, ತಡವಾಗುತ್ತೆ ಅನ್ನಿಸಿದರೆ 12ಕ್ಕೆ ಮುಂಚೆ ಸಿಕ್ಕ ಗೇಟಲ್ಲಿ ಇಳಿದು, ತಿರುಗಿ ಹತ್ತಿ. ಆಗ ಉಳಿದ ದಾರಿಗೆ ಮಾತ್ರ ಕಟ್ಟಿದರೆ ಸಾಕು.

7 ಸೀಟಿನವರೆಗೆ ಫ್ರೀ, ಅದಕ್ಕಿಂತ ದೊಡ್ಡ ಗಾಡಿಗೂ ಲಾರಿಗೂ ಇಲ್ಲ. ಇಟಿಸಿ ಇದ್ದರೆ ಅದೇ ಲೇನಲ್ಲಿ ಹೋಗಿ, ಸೊನ್ನೆ ಅಂತ ತೋರಿಸುತ್ತೆ.

ಶಾಂಘೈ_ಅಕ್ಕ:
ಎಲ್ಲ ರಜೆಗೂ ಫ್ರೀ ಅಂದುಕೊಳ್ಳಬೇಡಿ. ಚೀನೀ ಹೊಸ ವರ್ಷ, ಚಿಂಗ್‌ಮಿಂಗ್ (ಹಿರಿಯರ ಸಮಾಧಿಗೆ ಹೋಗೋ ಹಬ್ಬ), ಮೇ 1, ಅಕ್ಟೋಬರ್ 1, ಈ ನಾಲ್ಕಕ್ಕೆ ಮಾತ್ರ. ಮಧ್ಯ ಶರದ್ ಹಬ್ಬ ಬೇರೆಯಾಗಿ ಬಂದರೆ ಟೋಲ್ ಕಟ್ಟಲೇಬೇಕು, 2025ರಂತೆ ಅಕ್ಟೋಬರ್ ರಜೆಯೊಳಗೇ ಬಂದರೆ ಅದೂ ಸೇರಿ ಎಂಟು ದಿನ ಫ್ರೀ. ಏರ್‌ಪೋರ್ಟ್ ಎಕ್ಸ್‌ಪ್ರೆಸ್‌ವೇ ವಿಷಯ ಆಯಾ ಪ್ರಾಂತ್ಯದ ತೀರ್ಮಾನ, ಹೋಗೋ ಮುಂಚೆ ನೋಡಿಕೊಳ್ಳಿ.

ಒಂದು ಮಾತು ಕೇಳಿ ತಮ್ಮಾ. 2012ರ ಅಕ್ಟೋಬರ್ ರಜೆಗೆ ಇದನ್ನು ಮೊದಲು ತಂದಾಗಲೇ ದೇಶದ ತುಂಬ ಗಾಡಿಗಳು ಕಿಲೋಮೀಟರ್‌ಗಟ್ಟಲೆ ನಿಂತಿದ್ದವು, ಈಗಲೂ 1ನೇ ತಾರೀಖಿನ ಬೆಳಿಗ್ಗೆ ಅದೇ ಕಥೆ. ವಯಸ್ಸಾದವರು ಜೊತೆಗಿದ್ದಾರೆ. ಸರ್ವೀಸ್ ಏರಿಯಾದಲ್ಲಿ ಹೆಂಗಸರ ಶೌಚಾಲಯದ ಸಾಲು ನೋಡಿದರೆ ಸಾಕಾಗಿಹೋಗುತ್ತೆ, ಅಮ್ಮನಿಗೆ ಕಷ್ಟ. ಕರೆಂಟ್ ಕಾರಾದರೆ ಚಾರ್ಜಿಂಗಿಗೆ ಇನ್ನೊಂದು ಸಾಲು. ಟೋಲ್ ಕಿಲೋಮೀಟರಿಗೆ ಹತ್ತಿರ ಹತ್ತಿರ ಅರ್ಧ ಯುವಾನ್ ಅಷ್ಟೇ. ಅದನ್ನು ಕಟ್ಟಿ 30ರ ಬೆಳಿಗ್ಗೆಯೇ ಹೊರಡಿ ಅನ್ನೋದು ನನ್ನ ಅಭಿಪ್ರಾಯ.

ಘಟ್ಟದ_ಕೆಳಗಿನವ:
ಅಕ್ಕ ಹೇಳಿದ್ದು ಸರಿ. ರಾತ್ರಿಯೇ ಹೊರಡೋದಾದರೆ 12 ಆಗಲಿ ಅಂತ ರಸ್ತೆ ಪಕ್ಕ ಮಾತ್ರ ನಿಲ್ಲಿಸಬೇಡಿ. ದಂಡ ಬೀಳುತ್ತೆ, ಅದಕ್ಕಿಂತ ಹಿಂದಿನಿಂದ ಗಾಡಿ ಬಂದು ಗುದ್ದೋ ಭಯ ಜಾಸ್ತಿ. ಸರ್ವೀಸ್ ಏರಿಯಾಕ್ಕೆ ಹೋಗಿ ಕಾಯಿರಿ.

ಮುಂಬೈ_ಮಲ್ಲಿಗೆ:
ನಮ್ಮಲ್ಲೂ ಸ್ವಲ್ಪ ಹೀಗೇ ಇದೆ. ಗಣೇಶ ಹಬ್ಬಕ್ಕೆ ಕೊಂಕಣಕ್ಕೆ ಹೋಗೋ ಗಾಡಿಗಳಿಗೆ ಮಹಾರಾಷ್ಟ್ರ ಸರ್ಕಾರ ಟೋಲ್ ಬಿಡುತ್ತೆ. ಆದರೆ ಮೊದಲೇ ಪಾಸ್ ಮಾಡಿಸಿಕೊಳ್ಳಬೇಕು. ಚೀನಾದಲ್ಲೂ ಪಾಸ್ ಬೇಕಾ?

ಸುಜೌ_ಕನ್ನಡಿಗ:
ಇಲ್ಲಿ ಪಾಸ್ ಏನೂ ಕೇಳಲ್ಲವಂತೆ, ಆಫೀಸಲ್ಲಿ ವಿಚಾರಿಸಿದೆ. ಅಕ್ಕಾ, ಅಮ್ಮನಿಗೆ ನಿಮ್ಮ ಉತ್ತರ ಓದಿ ಹೇಳಿದೆ. 30ರ ಬೆಳಿಗ್ಗೆ ಆರಕ್ಕೇ ಹೊರಡೋಣ ಅಂದರು. ವಾಪಸ್ ಬರೋದನ್ನೂ ಕೊನೆಯ ದಿನಕ್ಕೆ ಇಟ್ಟುಕೊಳ್ಳದೆ 5ನೇ ತಾರೀಖಿಗೆ ಮಾಡಿಕೊಂಡಿದ್ದೇನೆ.