ಯೋಧ ಪಾತ್ರಕ್ಕೆ ವರಸೆಗಳನ್ನು ರೂಪಿಸುವುದು ಹೇಗೆ? ಆಡಿದವರ, ಆಡಿಸಿದವರ ಅನುಭವ

ಕೋರಿಕೆ: ನಾನು ಗೆಳೆಯರಿಗೆ ಒಬ್ಬೊಬ್ಬರೂ ಒಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕತೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯನ್ನು ಆಡಿಸುತ್ತಿದ್ದೇನೆ. ಮಾಂತ್ರಿಕನ ಸರದಿ ಬಂದಾಗ ಎಲ್ಲರೂ ಕಿವಿಗೊಟ್ಟು ಕೇಳುತ್ತಾರೆ. ಫೈಟರ್, ಅಂದರೆ ಯೋಧ ಪಾತ್ರದ ಆಟಗಾರ್ತಿ ಮಾತ್ರ ‘ಹೊಡೆಯುತ್ತೇನೆ’ ಎಂದು ದಾಳ ಉರುಳಿಸಿ ಸುಮ್ಮನಾಗುತ್ತಾರೆ. ಕಾದಾಟವು ಕಣ್ಣಿಗೆ ಕಟ್ಟುವಂತಹ ವರಸೆಗಳನ್ನು ಅವರಿಗಾಗಿ ರೂಪಿಸಬೇಕೆಂದಿದ್ದೇನೆ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ 1: ಹೊಸದನ್ನು ಕಟ್ಟುವ ಮೊದಲು 2014ರ ನಿಯಮಪುಸ್ತಕದಲ್ಲಿರುವ ಬ್ಯಾಟಲ್ ಮಾಸ್ಟರ್ ಎಂಬ ಫೈಟರ್ ಉಪವರ್ಗವನ್ನು ಬಿಡಿಸಿ ನೋಡಿ. ಮೂರನೇ ಲೆವೆಲ್‌ನಲ್ಲಿ ಆ ಪಾತ್ರಕ್ಕೆ ಮೂರು ವರಸೆಗಳೂ ಅವುಗಳಿಗೆ ಖರ್ಚು ಮಾಡಲು ಎಂಟು ಮುಖದ ನಾಲ್ಕು ದಾಳಗಳೂ ಸಿಗುತ್ತವೆ. ಎದುರಾಳಿಯನ್ನು ನೆಲಕ್ಕೆ ಕೆಡಹುವ ಟ್ರಿಪ್ ಅಟ್ಯಾಕ್ ವರಸೆಯನ್ನೇ ತೆಗೆದುಕೊಳ್ಳಿ. ಬಿದ್ದವನ ಮೇಲೆ ಐದು ಅಡಿಯೊಳಗಿಂದ ಹೊಡೆಯುವವರಿಗೆ ಅಡ್ವಾಂಟೇಜ್ (ಎರಡು ದಾಳ ಉರುಳಿಸಿ ಹೆಚ್ಚಿನ ಅಂಕವನ್ನು ಆರಿಸುವ ಅನುಕೂಲ) ದೊರೆಯುತ್ತದೆ, ದೂರದಿಂದ ಬಾಣ ಬಿಡುವವರಿಗೆ ಡಿಸ್‌ಅಡ್ವಾಂಟೇಜ್ (ಎರಡರಲ್ಲಿ ಕಡಿಮೆ ಅಂಕವೇ ಗತಿ) ತಗಲುತ್ತದೆ, ಬಿದ್ದವನು ಏಳಬೇಕೆಂದರೆ ಅವನ ಅರ್ಧ ನಡಿಗೆ ಅದಕ್ಕೇ ಹೋಗುತ್ತದೆ. ಹೀಗಾಗಿ ಕತ್ತಿ ಹಿಡಿದ ಜೊತೆಗಾರ ಮುನ್ನುಗ್ಗುತ್ತಾನೆ, ಬಿಲ್ಲುಗಾರ್ತಿ ಬೇರೆ ಗುರಿಯನ್ನು ಹುಡುಕುತ್ತಾಳೆ. ಪೆಟ್ಟಿಗೆ ಎರಡು ಅಂಕ ಹೆಚ್ಚು ಸೇರಿಸುವ ಸಾಮರ್ಥ್ಯದಿಂದ ಇಂತಹ ಚಲನೆ ಹುಟ್ಟುವುದಿಲ್ಲ. ಅದು ಹಿಟ್ ಪಾಯಿಂಟ್‌ಗಳ, ಅಂದರೆ ಎಷ್ಟು ಪೆಟ್ಟು ತಾಳಬಹುದೆಂಬ ಅಂಕಗಳ ಲೆಕ್ಕದಲ್ಲಿ ಕರಗಿಹೋಗುತ್ತದೆ. ಯೋಧ ವರಸೆ ಮುಗಿಸಿದ ಮೇಲೆ ಮುಂದಿನ ಆಟಗಾರರ ಯೋಜನೆ ಬದಲಾಗುತ್ತದೆಯೇ ಎಂಬ ಒಂದೇ ಪ್ರಶ್ನೆಯಿಂದ ನಾನು ಪ್ರತಿ ಹೊಸ ವರಸೆಯನ್ನೂ ಅಳೆಯುತ್ತೇನೆ.

ಉತ್ತರ 2: ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಆಟಗಾರ್ತಿಯ ಬಾಯಿಂದ ಮಾತು ಹೊರಡಿಸುವುದು ಬೇರೆಯೇ ಕೆಲಸ. ಅದಕ್ಕೆ 2012ರ ಡಂಜನ್ ಕ್ರಾಲ್ ಕ್ಲಾಸಿಕ್ಸ್ ಆಟದ ಮೈಟಿ ಡೀಡ್ ನಿಯಮ ನನಗೆ ಬಹಳ ನೆರವಾಗಿದೆ. ಅಲ್ಲಿ ಯೋಧ, ದಾಳ ಉರುಳಿಸುವ ಮೊದಲೇ ತಾನು ಮಾಡಹೊರಟ ಸಾಹಸವನ್ನು ಹೇಳಬೇಕು. ಮೊದಲ ಲೆವೆಲ್‌ನಲ್ಲಿ ಮೂರು ಮುಖದ ಹೆಚ್ಚುವರಿ ದಾಳವೊಂದಿರುತ್ತದೆ. ಅದರ ಅಂಕ ಹೊಡೆತಕ್ಕೂ ಪೆಟ್ಟಿನ ಪ್ರಮಾಣಕ್ಕೂ ಸೇರುತ್ತದೆ, ಮೂರು ಅಥವಾ ಹೆಚ್ಚು ಬಿದ್ದು ಹೊಡೆತವೂ ತಗುಲಿದರೆ ಹೇಳಿದ ಸಾಹಸ ನೆರವೇರುತ್ತದೆ. ಈ ನಿಯಮದಡಿ ಯೋಧನ ಆಟಗಾರರು ‘ಆ ಕೋಣೆಯಲ್ಲಿ ಏನೇನಿದೆ?’ ಎಂದು ಕೇಳತೊಡಗುತ್ತಾರೆ, ಏಕೆಂದರೆ ತೂಗುವ ಸರಪಳಿಯೂ ಒದ್ದೆ ಮೆಟ್ಟಿಲೂ ಅವರಿಗೆ ಆಯುಧವಾಗುತ್ತವೆ. ಮಿತಭಾಷಿಗಳನ್ನು ‘ವರ್ಣಿಸಿ’ ಎಂದು ಒತ್ತಾಯಿಸಬೇಡಿ. ‘ಕಾಲಿಗೋ, ಗುರಾಣಿಗೋ, ಆಯುಧ ಹಿಡಿದ ಕೈಗೋ?’ ಎಂದಷ್ಟೇ ಕೇಳಿ. ಆಯ್ಕೆಗೆ ತಕ್ಕ ಪರಿಣಾಮವನ್ನು ನೀವು ಕೊಡಿ. ಚೆನ್ನಾಗಿ ಮಾತನಾಡಬಲ್ಲವರಿಗಷ್ಟೇ ಲಾಭವಾಗುವ ನಿಯಮ ನ್ಯಾಯವಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಉತ್ತರ 3: ವರಸೆಗೆ ತೆರಬೇಕಾದ ಬೆಲೆಯ ಬಗ್ಗೆಯೂ ಯೋಚಿಸಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2008ರ ನಾಲ್ಕನೇ ಆವೃತ್ತಿಯಲ್ಲಿ ಫೈಟರ್‌ಗೂ ದಿನಕ್ಕೊಮ್ಮೆ ಮಾತ್ರ ಬಳಸಬಹುದಾದ ಸಾಮರ್ಥ್ಯಗಳಿದ್ದವು. ಮಂತ್ರಕ್ಕೆ ಆ ಮಿತಿಯನ್ನು ಮನಸ್ಸು ಸುಲಭವಾಗಿ ಒಪ್ಪುತ್ತದೆ; ಕತ್ತಿಯ ಒಂದು ಬೀಸು ನಾಳೆಯವರೆಗೆ ಏಕೆ ಮರೆತುಹೋಗಬೇಕೆಂಬುದನ್ನು ಒಪ್ಪುವುದು ಕಷ್ಟ. ಬೆಲೆ ಕಣ್ಣೆದುರೇ ಕಾಣುವಂತಿರಬೇಕು. ಇಂತಹದೇ ಇನ್ನೊಂದು ಆಟವಾದ ಪಾತ್‌ಫೈಂಡರ್‌ನ 2019ರ ಎರಡನೇ ಆವೃತ್ತಿಯ ಗುರಾಣಿಯನ್ನು ನೋಡಿ: ಸರದಿಯ ಮೂರು ಕ್ರಿಯೆಗಳಲ್ಲಿ ಒಂದನ್ನು ವ್ಯಯಿಸಿ ಅದನ್ನು ಎತ್ತಿ ಹಿಡಿದರೆ ರಕ್ಷಣೆ ಎರಡು ಅಂಕ ಏರುತ್ತದೆ, ಶೀಲ್ಡ್ ಬ್ಲಾಕ್ ಎಂಬ ಸಾಮರ್ಥ್ಯ ಬಲ್ಲವರು ಬಂದ ಪೆಟ್ಟನ್ನು ಅದರ ಮೇಲೆ ತೆಗೆದುಕೊಳ್ಳಬಹುದು. ಸಾಮಾನ್ಯ ಉಕ್ಕಿನ ಗುರಾಣಿಯ ಗಡಸುತನ 5, ಹಿಟ್ ಪಾಯಿಂಟ್ 20. ಹನ್ನೆರಡರ ಪೆಟ್ಟು ಬಿದ್ದರೆ ಐದು ಕಳೆದು ಉಳಿದ ಏಳು ಯೋಧನಿಗೂ ಗುರಾಣಿಗೂ ತಗಲುತ್ತದೆ. ಅಂತಹದೇ ಇನ್ನೊಂದು ಪೆಟ್ಟಿಗೆ ಗುರಾಣಿ 6ಕ್ಕಿಳಿಯುತ್ತದೆ. 10ಕ್ಕೆ ಇಳಿದಾಗಲೇ ಅದು ಮುರಿದಂತೆ. ಎರಡನೆಯ ಪೆಟ್ಟು ಬರುವಾಗ ಮೈಯನ್ನು ಉಳಿಸಿಕೊಳ್ಳಲೋ ಗುರಾಣಿಯನ್ನು ಉಳಿಸಿಕೊಳ್ಳಲೋ ಎಂದು ಆಟಗಾರರು ತಡೆದು ಯೋಚಿಸುವ ಆ ಗಳಿಗೆಗಾಗಿಯೇ ನಾನು ಈ ಆಟವನ್ನು ಆಡಿಸುತ್ತೇನೆ.

ಉತ್ತರ 4: ಐದನೇ ಆವೃತ್ತಿಯ 2024ರ ಪರಿಷ್ಕೃತ ನಿಯಮಗಳಲ್ಲಿ ಆಯುಧಕ್ಕೊಂದು ವಿಶೇಷ ಗುಣವಿದೆ. ವಾರ್‌ಹ್ಯಾಮರ್ ತಗುಲಿದವನನ್ನು ಹತ್ತು ಅಡಿಯವರೆಗೆ ಹಿಂದಕ್ಕೆ ತಳ್ಳಬಹುದು. ಗ್ರೇಟ್‌ಸ್ವೋರ್ಡ್ ಗುರಿ ತಪ್ಪಿದರೂ ಒಂದಿಷ್ಟು ಗಾಯ ಮಾಡುತ್ತದೆ. ಮುಂದಿನ ಸಲ ನಿಮ್ಮ ಆಟಗಾರ್ತಿಯ ಕೈಗೆ ವಾರ್‌ಹ್ಯಾಮರ್ ಕೊಟ್ಟು, ಕಾದಾಟವನ್ನು ಕಟಾಂಜನವಿಲ್ಲದ ಸೇತುವೆಯ ಮೇಲೆ ಇಡಿ.