ಸಹಾಯ ಬೇಕ್ರಿ: ಹಳ್ಯಾಗ ಬಾಗಲಾ ಹಾಕೋದು ಹೆಂಗ?

ಬೆಳದಿದ್ದು ಹುಬ್ಬಳ್ಳಿ, ನೌಕರಿ ಬೆಂಗಳೂರು, ಮದುವಿ ಆಗಿ ರೋಣ ತಾಲೂಕಿನ ಹಳ್ಳಿಗೆ ಬಂದು ಆರು ತಿಂಗಳಾತ್ರಿ. ಎರಿ ಮಣ್ಣಿನ ಕೆಸರು, ರೊಟ್ಟಿ ಬಡಿಯೋದು ಎಲ್ಲಾ ರೂಢಿ ಆಗೇತಿ (ರೊಟ್ಟಿ ಇನ್ನೂ ಅಂಚಿಗೆ ಸೀಳ್ತಾವ, ಇರ್ಲಿ). ತ್ರಾಸ ಇರೋದು ಬಾಗಲದ್ದು. ಮನ್ಯಾಗ ಕುಂತ ಕಂಪನಿ ಕೆಲಸ ಮಾಡ್ತೀನಿ, ಮೀಟಿಂಗ್ ನಡದಾಗ ಓಣ್ಯಾನ ದೊಡ್ಡವ್ವಗೋಳು ಸೀದಾ ಒಳಗ ಬಂದು "ಟಿವಿ ನೋಡಾಕತ್ತೀ ಏನವಾ" ಅಂತ ಬಾಜೂಕ ಕುಂದರ್ತಾರ, ಕ್ಯಾಮೆರಾದಾಗ ಅವರೂ ಕಾಣ್ತಾರ. ಬಾಗಲಾ ಹಾಕಿ ನೋಡಿದೆ, "ಯಾರಿಗರೆ ಆರಾಮಿಲ್ಲೇನು" ಅಂತ ಕಿಡಕ್ಯಾಗ ಹಣಿಕಿ ಹಾಕಿದ್ರು. ಅತ್ತಿ ಕಡಿಂದ ಹೇಳ್ಸಿದೆ, ಎರಡು ದಿನ ಯಾರೂ ಬರ್ಲಿಲ್ಲ, ಆಮ್ಯಾಲೆ "ಪ್ಯಾಟಿ ಸೊಸಿಗೆ ಸೊಕ್ಕು" ಅಂತ ಮಾತು ಬಂತು. ಅವರು ಕೊಟ್ಟ ಅಗಸಿ ಹಿಂಡಿ ಡಬ್ಬಿ ಇನ್ನೂ ಖಾಲಿ ಆಗಿಲ್ರಿ, ಮನಸ್ಸು ನೋಯಸಾಕ ಆಗಂಗಿಲ್ಲ. ಮುಂಜಾನೆ 10ರಿಂದ 1ರ ತನಕ ಬರಬ್ಯಾಡ್ರಿ ಅಂತ ಸಿಟ್ಟು ಬರಲಾರ್ದಂಗ ಯಾವ ಮಾತಿನ್ಯಾಗ ಹೇಳ್ಲಿ?