ಮದುವೆ ಆಗಿಲ್ಲ ಅಂತ ಊರಲ್ಲಿ ಹೇಳಿದ್ದು

ಎಲ್ಲರಿಗೂ ನಮಸ್ಕಾರ. ಮೊನ್ನೆ ಇಲ್ಲಿ ಒಬ್ಬರು ಕೇಳಿದ್ದರು, ಮದುವೆ ಆಗದೆ ಜೊತೆಗಿದ್ದೀವಿ, ಈಗ ಮಗು ಬರ್ತಾ ಇದೆ, ಊರಲ್ಲಿ ಅಪ್ಪ ಅಮ್ಮನಿಗೆ ಏನು ಹೇಳಲಿ ಅಂತ. ಅದಕ್ಕೆ ಸುಮಾರು ಜನ "ರಿಜಿಸ್ಟರ್ ಆಯ್ತು ಅಂತ ಹೇಳಿಬಿಡಿ, ಯಾರು ಬಂದು ನೋಡ್ತಾರೆ" ಅಂತ ಬರೆದಿದ್ದೀರಿ. ಓದಿ ಎರಡು ದಿನ ಸುಮ್ಮನಿದ್ದೆ, ಆಗಲಿಲ್ಲ. ನಾನು ಅದೇ ಸುಳ್ಳು ಹೇಳಿದವಳು. ನಾಲ್ಕು ವರ್ಷ ಹೇಳಿದೆ. ಸ್ವಲ್ಪ ಉದ್ದ ಆಗುತ್ತೆ, ಆದರೂ ಪೂರ್ತಿ ಬರೀತೀನಿ.

ನಮ್ಮ ಊರು ಸಕಲೇಶಪುರದ ಹತ್ತಿರ. ಒಂದಿಷ್ಟು ಕಾಫಿ ತೋಟ, ಒಂದಿಷ್ಟು ಗದ್ದೆ. 2014ರಲ್ಲಿ ಕೆಲಸಕ್ಕೆ ಅಂತ ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಬಂದೆ. 2017ರಿಂದ ಇಲ್ಲಿಯವನೇ ಒಬ್ಬನ ಜೊತೆ ಒಂದೇ ಮನೆಯಲ್ಲಿದ್ದೀನಿ. 2019ರಲ್ಲಿ ಮಗಳು ಹುಟ್ಟಿದಳು. ಹೀಗೆ ಇರುವವರಿಗೆ ಇಲ್ಲಿ ಸಾಂಬೊ ಅಂತಾರೆ, ಒಟ್ಟಿಗೆ ವಾಸ ಮಾಡುವವರು ಅಂತ ಅರ್ಥ. ಅದಕ್ಕೆ 2003ರಿಂದ ಜಾರಿಯಲ್ಲಿರುವ ಒಂದು ಕಾನೂನೇ ಇದೆ. ಇಲ್ಲಿ ಹುಟ್ಟುವ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳ ಅಪ್ಪ ಅಮ್ಮನಿಗೆ ಮದುವೆ ಆಗಿರುವುದಿಲ್ಲ. ಮಗು ನೋಡಿಕೊಳ್ಳಲು ಕೊಡುವ 480 ದಿನದ ರಜೆ ನಮಗೂ ಅಷ್ಟೇ ಸಿಕ್ಕಿತು. ಮದುವೆ ಆಗಿಲ್ಲ ಅಂತ ನಾವು ಹೆಚ್ಚಿಗೆ ಮಾಡಬೇಕಾಗಿದ್ದು ಒಂದೇ ಕೆಲಸ. ಕಚೇರಿಗೆ ಹೋಗಿ, ಈ ಮಗುವಿನ ಅಪ್ಪ ಇವನೇ, ಇಬ್ಬರೂ ಸೇರಿ ಸಾಕ್ತೀವಿ ಅಂತ ಸಹಿ ಹಾಕಿದೆವು. ಈಗ ಅದನ್ನೂ ಮಗು ಹುಟ್ಟಿದ 14 ದಿನದೊಳಗೆ ಮನೆಯಿಂದಲೇ ಆನ್‌ಲೈನ್‌ನಲ್ಲಿ ಮಾಡಬಹುದು. ಹಾಗಾಗಿ ಇಲ್ಲಿ ನಾವು ವಿಚಿತ್ರದವರೇನಲ್ಲ. ಕಷ್ಟ ಇದ್ದಿದ್ದು ಫೋನಿನ ಆ ಕಡೆ.

ಬಸುರಿ ಅಂತ ಗೊತ್ತಾದಾಗ ನಾನು ಅವ್ವನಿಗೆ ಫೋನ್ ಮಾಡಿ, ಇಲ್ಲೇ ರಿಜಿಸ್ಟರ್ ಮದುವೆ ಆಯ್ತು ಅಂದುಬಿಟ್ಟೆ. ಅವ್ವ ಅತ್ತಳು. ತನ್ನ ಕಣ್ಣ ಮುಂದೆ ಆಗಲಿಲ್ಲ ಅಂತ ಅತ್ತಳು. ಆಮೇಲೆ ಸುಧಾರಿಸಿಕೊಂಡು ಹಾಸನಕ್ಕೆ ಹೋಗಿ, ತನ್ನ ಒಂದು ಜೊತೆ ಬಳೆ ಕೊಟ್ಟು, ಕರಿಮಣಿ ಸರ ಮಾಡಿಸಿ, ನಮ್ಮ ಕಡೆಯವರೊಬ್ಬರ ಕೈಲಿ ಕಳಿಸಿಕೊಟ್ಟಳು. ಎರಡು ತಾಳಿ, ಮಧ್ಯ ಎರಡು ಹವಳ. ಅದನ್ನು ನಾನು ಭಾನುವಾರ ಮಾತ್ರ ಹಾಕಿಕೊಳ್ಳುತ್ತಿದ್ದೆ. ವಿಡಿಯೋ ಕಾಲ್ ಮುಗಿಯೋವರೆಗೆ ಕೊರಳಲ್ಲಿ, ಆಮೇಲೆ ಡ್ರಾಯರ್‌ನಲ್ಲಿ.

ಮಗಳು ಅದಕ್ಕೆ "ಅಜ್ಜಿ ಸರ" ಅಂತ ಹೆಸರಿಟ್ಟಿದ್ದಳು. ಅವಳಿಗೆ ನಾಲ್ಕು ವರ್ಷ ಆಗಿತ್ತು. ಒಂದು ಭಾನುವಾರ ನಾನು ಹಿಟ್ಟು ಕಲಸುತ್ತಿದ್ದೆ, ಲ್ಯಾಪ್‌ಟಾಪ್ ರಿಂಗ್ ಆಯ್ತು. ನಾನು ಕೈ ತೊಳೆಯೋದರೊಳಗೆ ಅವಳು ಸ್ಟೂಲ್ ಎಳೆದುಕೊಂಡು ಹತ್ತಿ, ಡ್ರಾಯರ್ ತೆಗೆದು, ಸರ ಹಿಡಿದುಕೊಂಡು ಬಂದಳು. "ಬೇಗ ಹಾಕ್ಕೋ ಅಮ್ಮ, ಅಜ್ಜಿ ಬಂದ್ರು" ಅಂತ ಪಿಸುಗುಟ್ಟಿದಳು. ಪಿಸುಮಾತಲ್ಲಿ ಹೇಳು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಕಾಲ್ ನಾನು ತೆಗೆಯಲಿಲ್ಲ.

ನಾವು ಮಕ್ಕಳಿಗೆ ಕನ್ನಡ ಉಳೀಬೇಕು, ಅಜ್ಜಿ ತಾತನ ಜೊತೆ ಮಾತಾಡಬೇಕು ಅಂತ ಒದ್ದಾಡ್ತೀವಿ. ನನ್ನ ಮಗಳು ಕನ್ನಡದಲ್ಲಿ ಚೆನ್ನಾಗಿ ಮಾತಾಡ್ತಾಳೆ. ಆದರೆ ಅಜ್ಜಿ ಅಂದರೆ ಏನೋ ಮುಚ್ಚಿಡಬೇಕಾದ ಜನ ಅಂತ ಅದೇ ಕನ್ನಡದಲ್ಲೇ ಕಲಿತಿದ್ದಳು. ಈ ಒಂದು ಮಾತು ಹೇಳೋದಕ್ಕೇ ನಾನು ಇಷ್ಟು ಬರೀತಿರೋದು. ದೊಡ್ಡವರು ಹೇಳಿದ ಸುಳ್ಳನ್ನು ಕಾಯೋ ಕೆಲಸ ಕೊನೆಗೆ ಮಕ್ಕಳ ಪಾಲಿಗೆ ಬರುತ್ತೆ.

2023ರ ಡಿಸೆಂಬರ್‌ನಲ್ಲಿ ಮಗಳನ್ನು ಕರೆದುಕೊಂಡು ಊರಿಗೆ ಹೋದೆ. ಅವನು ನಾನೂ ಬರ್ತೀನಿ ಅಂದ, ನಾನೇ ಬೇಡ ಅಂದೆ. ಅವನು ಎದುರಿಗಿದ್ದರೆ ನಮ್ಮವರು ನೆಂಟರ ಮುಂದೆ ಇರೋ ಹಾಗೆ ಇರ್ತಾರೆ, ಬಾಯಿ ಬಿಟ್ಟು ಬೈಯೋದಕ್ಕೂ ಆಗಲ್ಲ. ಅವರಿಗೆ ಬೈಯೋ ಹಕ್ಕು ಇತ್ತು.

ಮೊದಲು ಹೇಳಿದ್ದು ತಂಗಿಗೆ. ಅವಳಿಗೆ ಗಂಡು ನೋಡುತ್ತಿದ್ದರು. ಊರಲ್ಲಿ ಈ ವಿಷಯಕ್ಕೆ ನಿಜವಾಗಿ ಬೆಲೆ ತೆರಬೇಕಾದವಳು ಅವಳು, ನಾನಲ್ಲ. ಆರು ಸಾವಿರ ಕಿಲೋಮೀಟರ್‌ಗಿಂತ ದೂರ ಕೂತು ನನ್ನ ಮನಸ್ಸು ಹಗುರ ಮಾಡಿಕೊಳ್ಳೋದು ಸುಲಭ. ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಹೇಳು ಅಕ್ಕ. ಆದರೆ ನಾನು ಮನೇಲಿರುವಾಗ ಹೇಳು, ಅವ್ವ ಒಬ್ಬಳೇ ಇರಬಾರದು" ಅಂದಳು.

ಕೊಯ್ಲಿನ ಸಮಯ. ಕಣದ ತುಂಬ ಕಾಫಿ ಹಣ್ಣು ಹರಡಿತ್ತು. ಸಂಜೆ ಇಬ್ಬನಿ ಬೀಳುವ ಮುಂಚೆ ಅದನ್ನು ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚಬೇಕು. ಅವ್ವ ಹಲಗೆಯಿಂದ ಎಳೀತಿದ್ದಳು, ನಾನು ಪೊರಕೆ ಹಿಡಿದಿದ್ದೆ. ಮುಖ ನೋಡದೆ ಕೆಲಸ ಮಾಡ್ತಾ ಇದ್ದಿದ್ದರಿಂದಲೇ ಬಾಯಿ ಬಂತು ಅನಿಸುತ್ತೆ. ಅವ್ವ, ಮದುವೆ ಆಗಿಲ್ಲ, ಅವತ್ತು ಸುಳ್ಳು ಹೇಳಿದೆ, ಆಗೋ ಯೋಚನೆಯೂ ಇಲ್ಲ, ಆದರೆ ಅವನು ಒಳ್ಳೆಯವನು, ನಾವು ಚೆನ್ನಾಗಿದ್ದೀವಿ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಅವ್ವ ಒಂದು ಹಿಡಿ ಹಣ್ಣು ತಗೊಂಡು ಕಿವಿ ಹತ್ತಿರ ಅಲ್ಲಾಡಿಸಿದಳು. ಒಣಗಿದ್ದರೆ ಒಳಗೆ ಬೀಜ ಗಲಗಲ ಅನ್ನುತ್ತೆ. ಇನ್ನೂ ಒಣಗಿರಲಿಲ್ಲ. ಕೆಳಗೆ ಹಾಕಿ, "ಟಾರ್ಪಾಲ್ ಆ ಕಡೆ ಹಿಡಿ" ಅಂದಳು, ಅಷ್ಟೇ.

ರಾತ್ರಿ ಊಟ ಆದ ಮೇಲೆ ಒಂದು ಪ್ರಶ್ನೆ ಕೇಳಿದಳು. "ನಾಳೆ ಅವನಿಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ, ಆ ಮನೇಲಿ ನಿನ್ನನ್ನ ಇರೋಕೆ ಬಿಡ್ತಾರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಜನ ಏನಂತಾರೆ, ದೇವರು ಏನಂತಾನೆ, ಇದಕ್ಕೆಲ್ಲ ತಯಾರಾಗಿ ಬಂದಿದ್ದೆ. ಅವ್ವ ಅದನ್ನು ಕೇಳಲೇ ಇಲ್ಲ. ನಮ್ಮ ದೊಡ್ಡಮ್ಮ ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕ್ ಹಿಡಿದುಕೊಂಡು ನಮ್ಮ ಮನೆಗೆ ಬಂದವರು. ಶಾಸ್ತ್ರೋಕ್ತವಾಗಿ ಮದುವೆ ಆದವರಿಗೇ ಹಾಗಾಯಿತು. ಆ ಟ್ರಂಕ್ ಇನ್ನೂ ನಮ್ಮ ಅಟ್ಟದಲ್ಲಿದೆ. ಅವ್ವ ನೋಡಿದ ಲೋಕ ಅದು.

ವಾಪಸ್ ಬಂದು ವಿಚಾರಿಸಿದರೆ ಅವ್ವನ ಭಯ ಸರಿಯಾಗೇ ಇತ್ತು. ಇಲ್ಲಿ ಸಾಂಬೊಗಳು ಒಬ್ಬರ ಆಸ್ತಿಗೆ ಇನ್ನೊಬ್ಬರು ವಾರಸುದಾರರಲ್ಲ. ಎಷ್ಟು ವರ್ಷ ಜೊತೆಗಿದ್ದರೂ ಅಷ್ಟೇ. ಇಬ್ಬರೂ ಸೇರಿ ಇರೋದಕ್ಕೆ ಅಂತಲೇ ತಗೊಂಡ ಮನೆ ಮತ್ತು ಮನೆ ಸಾಮಾನಿನಲ್ಲಿ ಮಾತ್ರ ಪಾಲು ಕೇಳಬಹುದು. ನಮ್ಮ ಫ್ಲಾಟ್ ಅವನು ನನ್ನ ಪರಿಚಯ ಆಗುವ ಮುಂಚೆಯೇ ತಗೊಂಡಿದ್ದು, ಅದು ಆ ಲೆಕ್ಕಕ್ಕೆ ಬರೋದೇ ಇಲ್ಲ. ಆರು ವರ್ಷ ಇದು ನನಗೆ ಗೊತ್ತಿರಲಿಲ್ಲ. ಇಬ್ಬರೂ ವಿಲ್ ಬರೆದೆವು. ಎರಡು ಸಾಕ್ಷಿ ಬೇಕು, ಇಬ್ಬರೂ ಒಂದೇ ಹೊತ್ತಿಗೆ ಎದುರಿಗಿರಬೇಕು, ಮನೆಯವರು ಆಗಬಾರದು. ವಿಲ್ ಬರೆದರೂ ಅವನ ಆಸ್ತಿಯಲ್ಲಿ ಅರ್ಧ ಮಗಳ ಹಕ್ಕು, ಉಳಿದ ಅರ್ಧ ನನಗೆ ಬರೋ ಹಾಗೆ ಮಾಡಬಹುದು. ಅವ್ವನಿಗೆ ಇದನ್ನು ಹೇಳಿದಾಗ ಮಗಳ ಪಾಲನ್ನು ಯಾರೂ ತಪ್ಪಿಸೋಕೆ ಆಗಲ್ಲ ಅನ್ನೋದು ತುಂಬಾ ಹಿಡಿಸಿತು, ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು.

ಅಪ್ಪನದು ಬೇರೆ ಕಥೆ. ಹನ್ನೊಂದು ದಿನ ನನ್ನ ಜೊತೆ ಮಾತು ಬಿಟ್ಟರು. ಮೊಮ್ಮಗಳನ್ನು ಮಾತ್ರ ದಿನಾ ತೋಟಕ್ಕೆ ಕರೆದುಕೊಂಡು ಹೋಗ್ತಿದ್ದರು. ಹನ್ನೆರಡನೇ ದಿನ, ಇದು ಕಾನೂನಿಗೆ ವಿರುದ್ಧ ಅಲ್ವಾ ಅಂತ ಕೇಳಿದರು. ಅಲ್ಲ ಅಪ್ಪ, ವಯಸ್ಸಿಗೆ ಬಂದ ಇಬ್ಬರು ಒಟ್ಟಿಗಿರೋದು ಅಪರಾಧ ಅಲ್ಲ ಅಂತ ನಮ್ಮ ಸುಪ್ರೀಂ ಕೋರ್ಟೇ 2010ರಲ್ಲಿ ಹೇಳಿದೆ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲೂ ಮದುವೆಯ ಹಾಗೇ ಬಾಳ್ತಿರೋ ಹೆಂಗಸರಿಗೆ ರಕ್ಷಣೆ ಇದೆ ಅಂದೆ. ಅವರು ತಲೆ ಅಲ್ಲಾಡಿಸಿದರು, ಒಪ್ಪಿಗೆ ಅಂತ ಅಲ್ಲ. "ಹಂಗಾದ್ರೆ ಮಂತ್ರಮಾಂಗಲ್ಯನಾದ್ರೂ ಮಾಡ್ಕಳಿ. ಪುರೋಹಿತರು ಬೇಡ, ಜಾತಕ ಬೇಡ. ಕುವೆಂಪು ಹೇಳಿಕೊಟ್ಟ ಹಾಗೆ ನಾಲ್ಕು ಜನರ ಮುಂದೆ ನಿಂತು ಮಾತು ಕೊಡಿ, ಸಾಕು" ಅಂದರು. ಅಪ್ಪ ತಮ್ಮ ಕೈಲಾದಷ್ಟು ದೂರ ನಡೆದು ಬಂದಿದ್ದರು. ನನಗೆ ಗಂಟಲು ಕಟ್ಟಿತು. ಆದರೂ ಆಗಲಿ ಅನ್ನಲಿಲ್ಲ. ಅವನ ಅಪ್ಪ ಅಮ್ಮನ ಮದುವೆ ಮುರಿದಾಗ ಅವನಿಗೆ ಒಂಬತ್ತು ವರ್ಷ, ಅವನಿಗೆ ಆ ಪದವೇ ಬೇಡ. ನನಗೂ ಅವರನ್ನು ಸಮಾಧಾನ ಮಾಡೋದಕ್ಕೆ ಅಂತ ಮತ್ತೊಂದು ನಾಟಕ ಬೇಡ ಅನಿಸಿತು.

ಎಲ್ಲ ಸರಿಹೋಯಿತು ಅಂತ ಬರೆಯೋಕೆ ಆಗಲ್ಲ. ತಂಗಿಗೆ ಬಂದಿದ್ದ ಒಂದು ಸಂಬಂಧ ತಪ್ಪಿತು. ಅವಳೇ ಗಂಡಿನವರಿಗೆ ವಿಷಯ ಹೇಳಿದ್ದಳು, ಅವರು ಆಮೇಲೆ ತಿರುಗಿ ಬರಲಿಲ್ಲ. ಅಪ್ಪ ಈಗಲೂ ನೆಂಟರ ಹತ್ತಿರ ಮದುವೆ ಆಗಿದೆ ಅಂತಲೇ ಹೇಳ್ತಾರೆ. ನಾನು ತಿದ್ದಲ್ಲ. ಅವರು ಆ ಊರಲ್ಲಿ ಬದುಕಬೇಕು, ಊರಿಗೆ ಏನು ಹೇಳೋದು ಅನ್ನೋದು ಅವರಿಗೆ ಬಿಟ್ಟಿದ್ದು. ಅವನಿಗೆ ಓಸಿಐ (ವಿದೇಶಿ ಪ್ರಜೆಗಳು ವೀಸಾ ಇಲ್ಲದೆ ಭಾರತಕ್ಕೆ ಬಂದುಹೋಗೋ ಕಾರ್ಡ್) ಸಿಗಲ್ಲ, ಅದಕ್ಕೆ ನೋಂದಾಯಿತ ಮದುವೆಯಾಗಿ ಎರಡು ವರ್ಷ ಆಗಿರಬೇಕು, ಹಾಗಾಗಿ ಪ್ರತಿ ಸಲ ಪ್ರವಾಸಿ ವೀಸಾ. ಕಳೆದ ವರ್ಷ ಬಂದಿದ್ದ. ಅವ್ವ ಅಕ್ಕಿ ರೊಟ್ಟಿ ತಟ್ಟಿ ಹಾಕ್ತಾ, ಭಾಷೆ ಬರದಿದ್ದರೂ ಅವನಿಗೆ ಕನ್ನಡದಲ್ಲೇ ಏನೇನೋ ಹೇಳ್ತಾ ಇದ್ದಳು. ಅಪ್ಪ ತೋಟ ತೋರಿಸಿದರು.

ಮಗಳು ಈಗಲೂ ಭಾನುವಾರ ಡ್ರಾಯರ್ ತೆಗೀತಾಳೆ. ಸರ ತನ್ನ ಕೊರಳಿಗೇ ಹಾಕಿಕೊಂಡು ಅಜ್ಜಿಗೆ ತೋರಿಸ್ತಾಳೆ, ಈಗ ಪಿಸುಮಾತಿಲ್ಲ. ಹೋದ ವಾರ ಅವ್ವ ಫೋನ್ ಹತ್ತಿರಕ್ಕೆ ತಗೊಂಡು ನೋಡಿ, ದಾರ ಸವೆದಿದೆ, ಬರುವಾಗ ತಗೊಂಡು ಬಾ, ಹೊಸದಾಗಿ ಪೋಣಿಸಿಸಿ ಕೊಡ್ತೀನಿ ಅಂದಳು.

ಕೇಳಿದವರಿಗೆ: ನೀವು ಯಾವ ದೇಶ ಅಂತ ಬರೆದಿಲ್ಲ. ಸ್ವೀಡನ್ ಆಗಿದ್ದರೆ ಮಗು ಹುಟ್ಟುವ ಮುಂಚೆ ಮನೆ ಯಾರ ಹೆಸರಲ್ಲಿದೆ ನೋಡಿಕೊಳ್ಳಿ. ಗೋಥೆನ್‌ಬರ್ಗ್ ಕಡೆ ಇದ್ದರೆ ವಿಲ್‌ಗೆ ಸಾಕ್ಷಿ ಹಾಕೋದಕ್ಕೆ ನಾನು ಬರ್ತೀನಿ, ಮೆಸೇಜ್ ಮಾಡಿ.